ಊರಿನ ಯೋಧ ಮಡಿದಾಗ: ಮೊದಲ ಫೋನಿನಿಂದ ವರ್ಷದ ತಿಥಿಯವರೆಗೆ ಊರಿನವರ ಕೆಲಸ

2019ರ ಫೆಬ್ರವರಿ 14ರಂದು ಪುಲ್ವಾಮದಲ್ಲಿ ಸಿಆರ್‌ಪಿಎಫ್‌ನ 40 ಮಂದಿ ಮಡಿದರು. ಅವರಲ್ಲಿ ಒಬ್ಬರು ಮದ್ದೂರು ತಾಲ್ಲೂಕಿನ ಗುಡಿಗೆರೆಯವರು. ಆ ದಿನಗಳಲ್ಲಿ ಮಂಡ್ಯ ಸೀಮೆಯ ಜನ ಪಟ್ಟ ದುಃಖ ತೋರಿಕೆಯದಲ್ಲ. ಆದರೆ ಸಮವಸ್ತ್ರ ಹಾಕಿ ಬಂದವರಿಗೆ ಇನ್ನೊಂದು ಲೆಕ್ಕವೂ ಗೊತ್ತು. ಹೂವು, ಘೋಷಣೆ, ಮೇಣದಬತ್ತಿ ಮೂರು ದಿನದ್ದು. ಹೆಂಡತಿಯ ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಮ್ಮಿಯಾಗಿ ನಿಂತುಹೋದ ಪಿಂಚಣಿ ತಿಂಗಳುಗಟ್ಟಲೆಯದು. ಊರಿನ ಕೃತಜ್ಞತೆ ಈ ಎರಡನೆಯದಕ್ಕೂ ಒದಗಬೇಕು. ಹೇಗೆ ಎಂಬುದು ಮುಂದಿದೆ.

ಸುದ್ದಿ ಬಂದ ಹೊತ್ತು

ಮನೆಯವರಿಗೆ ಸುದ್ದಿ ತಿಳಿಸಬೇಕಾದ್ದು ಯೂನಿಟ್. ಟಿವಿಯಲ್ಲಿ ಹೆಸರು ಓಡಿತೆಂದು ಬಾಗಿಲಿಗೆ ಓಡಬೇಡಿ. ಒಂದೇ ಬೆಟಾಲಿಯನ್ನಿನಲ್ಲಿ ಒಂದೇ ಹೆಸರಿನ ಇಬ್ಬರು ಇರುವುದುಂಟು, ಗಾಯಗೊಂಡವರ ಪಟ್ಟಿ ಮಡಿದವರ ಪಟ್ಟಿಯೊಳಗೆ ಸೇರಿಬಿಡುವುದೂ ಉಂಟು. ಮೊದಲು ಹತ್ತಿರದ ಠಾಣೆಯಲ್ಲೋ ತಹಸೀಲ್ದಾರರ ಕಚೇರಿಯಲ್ಲೋ ಖಚಿತ ಮಾಡಿಕೊಳ್ಳಿ. ಅಲ್ಲಿಯವರೆಗೆ ಆ ಮನೆಯ ಟಿವಿ, ಮಕ್ಕಳ ಕೈಯ ಮೊಬೈಲು ಆರಿರುವಂತೆ ನೋಡಿಕೊಂಡರೆ ಅದೇ ದೊಡ್ಡ ಉಪಕಾರ.

ಖಚಿತವಾದ ಮೇಲೆ ಮೂವರನ್ನು ಆರಿಸಿ. ಒಬ್ಬರು ಯೂನಿಟ್, ತಹಸೀಲ್ದಾರ್, ಪೊಲೀಸರ ಜತೆ ಮಾತಾಡುವವರು. ಅವರ ಒಂದೇ ನಂಬರ್ ಎಲ್ಲ ಕಡೆಗೂ ಹೋಗಲಿ. ಇಪ್ಪತ್ತು ಜನ ಇಪ್ಪತ್ತು ಕಡೆ ಫೋನ್ ಮಾಡಿದರೆ ಇಪ್ಪತ್ತು ಟೈಮು ಹುಟ್ಟಿಕೊಳ್ಳುತ್ತವೆ, ಜನ ಹಿಂದಿನ ರಾತ್ರಿಯಿಂದಲೇ ರಸ್ತೆಯಲ್ಲಿ ಕಾಯುತ್ತಾರೆ. ಎರಡನೆಯವರು ಒಳಮನೆಯಲ್ಲಿ ತಾಯಿ ಮತ್ತು ಹೆಂಡತಿಯ ಜತೆ ಇರುವ ಹೆಂಗಸು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಹೊತ್ತಿಗೆ ಸರಿಯಾಗಿ ಹೋಗಿದೆಯೇ, ಎದೆಹಾಲು ಕುಡಿಯುವ ಮಗುವಿದ್ದರೆ ತಾಯಿಯ ಹೊಟ್ಟೆಗೆ ಏನಾದರೂ ಬಿದ್ದಿದೆಯೇ ಎಂದು ನೋಡುವುದು ಇವರ ಕೆಲಸ. ಆಶಾ ಕಾರ್ಯಕರ್ತೆಯನ್ನು ಜತೆಗೆ ಕೂರಿಸಿಕೊಳ್ಳಿ, ಓಆರ್‌ಎಸ್ ಪೊಟ್ಟಣ ಇರಲಿ.

ಮೂರನೆಯವರನ್ನು ಎಲ್ಲರೂ ಮರೆಯುತ್ತಾರೆ: ಹೊಲ, ಕೊಟ್ಟಿಗೆ ನೋಡುವವರು. ಡೈರಿಗೆ ಹಾಲು ಹಾಕುವ ಹೊತ್ತು ಸಾವಿಗೆ ಕಾಯುವುದಿಲ್ಲ. ರೇಷ್ಮೆ ಹುಳ ನಾಲ್ಕನೇ ಜ್ವರ (ಪೊರೆ ಕಳಚುವ ನಿದ್ದೆ) ಎದ್ದಿದ್ದರೆ ಮುಂದಿನ ಏಳೆಂಟು ದಿನ ಸೊಪ್ಪು ತಪ್ಪುವಂತಿಲ್ಲ, ಹುಳಕ್ಕೆ ಸೂತಕವಿಲ್ಲ. ನಾಲೆ ನೀರಿನ ಸರದಿ, ಕಬ್ಬಿನ ಕಟಾವಿನ ಸರದಿ ಇದ್ದರೆ ಅದನ್ನೂ ಇವರೇ ಹಿಡಿಯಬೇಕು. ಸಾವಿನ ಮನೆಗೆ ಹೋಗಿ ಏನು ಹೇಳಬೇಕೆಂದು ತೋಚದವರು ಬಹಳ. "ನಿನ್ನ ಮಗ ಸತ್ತಿಲ್ಲ, ಅಮರನಾದ" ಎಂಬ ಮಾತು ತಾಯಿಯ ಕಿವಿಗೆ ಇಳಿಯುವುದಿಲ್ಲ. "ಹಾಲು ಕರೆಯೋಕೆ ಬೆಳಿಗ್ಗೆ ನಾನು ಬತ್ತೀನಿ ಕಣವ್ವ" ಎನ್ನುವುದು ಇಳಿಯುತ್ತದೆ.

ಫೋಟೋ ವಿಚಾರ. ಪುಲ್ವಾಮದ ನಂತರ ಛಿದ್ರಗೊಂಡ ದೇಹಗಳ ಸುಳ್ಳು ಚಿತ್ರಗಳು ಹರಿದಾಡಿ, ಅವನ್ನು ಹಂಚಬೇಡಿ ಎಂದು ಸಿಆರ್‌ಪಿಎಫ್ ತಾನೇ ಹೇಳಬೇಕಾಯಿತು. ಅಂಥದ್ದು ಗ್ರೂಪಿಗೆ ಬಂದರೆ ಅಲ್ಲೇ ಅಳಿಸಿ. ನಾಳೆ ಅದು ಆ ಮನೆಯ ಮಗುವಿನ ಫೋನಿಗೂ ಹೋಗುತ್ತದೆ. ಯೂನಿಟ್ ಇದ್ದ ಜಾಗ, ಮನೆಯವರ ಫೋನ್ ನಂಬರ್, ಮಕ್ಕಳು ಓದುವ ಶಾಲೆ ಇವನ್ನೂ ಹಾಕಬೇಡಿ. ಸಿಟ್ಟನ್ನು ಊರಲ್ಲಿರುವ ಹೊರಗಿನವರ ಮೇಲೆ ತೀರಿಸಿಕೊಳ್ಳಲು ಹೊರಡುವ ಹುಡುಗರಿಗೆ ಒಂದು ಸಂಗತಿ ಹೇಳಿ. ತನ್ನ 40 ಜನರನ್ನು ಕಳೆದುಕೊಂಡ ಎರಡೇ ದಿನಕ್ಕೆ, ಹೊರರಾಜ್ಯಗಳಲ್ಲಿ ಓದುತ್ತಿದ್ದ ಕಾಶ್ಮೀರಿ ಮಕ್ಕಳಿಗೆ ತೊಂದರೆಯಾದರೆ ಕರೆ ಮಾಡಿ ಎಂದು 14411 ಸಹಾಯವಾಣಿಯನ್ನು ಸಾರಿದ್ದು ಅದೇ ಸಿಆರ್‌ಪಿಎಫ್.

ಜಾಗ, ಕಟ್ಟಿಗೆ, ನೀರು

ಮರಣೋತ್ತರ ಪರೀಕ್ಷೆ, ದೇಹ ಕೆಡದಂತೆ ಮಾಡುವ ಕೆಲಸ, ವಿಮಾನ ಇವೆಲ್ಲ ಮುಗಿದು ಪಾರ್ಥಿವ ಶರೀರ ಊರು ಸೇರಲು ಒಂದರಿಂದ ಮೂರು ದಿನ ಹಿಡಿಯುತ್ತದೆ. ಸಾಮಾನ್ಯವಾಗಿ ಬೆಂಗಳೂರಿನಲ್ಲಿ ಇಳಿದು ರಸ್ತೆಯಲ್ಲಿ ಬರುತ್ತದೆ. ಈ ಬಿಡುವಿನಲ್ಲಿ ಜಾಗ ಆರಿಸಿ. ಸ್ವಂತ ಹೊಲವೋ, ಸರ್ಕಾರಿ ಜಾಗವೋ? ಸರ್ಕಾರಿ ಜಾಗವಾದರೆ ತಹಸೀಲ್ದಾರರಿಂದ ಸರ್ವೆ ನಂಬರ್ ಸಹಿತ ಬರಹದಲ್ಲಿ ಪಡೆಯಿರಿ. ಬಾಯಿಮಾತಿನಲ್ಲಿ ಆದ ಜಾಗಕ್ಕೆ ಮುಂದೆ ಸಮಾಧಿ ಕಟ್ಟುವಾಗ ತಕರಾರು ಏಳುತ್ತದೆ. ಸ್ವಂತ ಹೊಲವಾದರೆ ಪಹಣಿಯಲ್ಲಿ ಯಾರ್‍ಯಾರ ಹೆಸರಿದೆ ನೋಡಿ, ಅಣ್ಣತಮ್ಮಂದಿರ ಒಪ್ಪಿಗೆ ಅಂದೇ ಇರಲಿ.

ಸುಡುವುದಾದರೆ ಸುಮಾರು 400ರಿಂದ 500 ಕೆಜಿ ಒಣ ಸೌದೆ ಬೇಕು. ಹಸಿ ಸೌದೆ ಹೊಗೆಯಾಡುತ್ತದೆ, ಅರ್ಧಕ್ಕೆ ಆರುತ್ತದೆ. ಮಳೆಗಾಲದಲ್ಲಿ ಟಾರ್ಪಾಲು ಹೊದಿಸಿಡಿ. ಮಣ್ಣು ಮಾಡುವುದಾದರೆ ಗುಂಡಿಯ ಅಳತೆಯಲ್ಲಿ ತಪ್ಪುವವರೇ ಹೆಚ್ಚು. ಸ್ಥಿತಿ ನೋಡಲಾಗದಂತಿದ್ದರೆ ಪೆಟ್ಟಿಗೆ ತೆರೆಯಬೇಡಿ ಎಂದು ಯೂನಿಟ್‌ನವರು ಹೇಳುತ್ತಾರೆ. ಆಗ ಪೆಟ್ಟಿಗೆ ಸಮೇತ ಇಳಿಸಬೇಕು, ನಮ್ಮ ಮಾಮೂಲಿ ಗುಂಡಿಗೆ ಅದು ಹಿಡಿಸುವುದಿಲ್ಲ. ಉದ್ದ, ಅಗಲ ಎರಡನ್ನೂ ಮೊದಲೇ ಫೋನಿನಲ್ಲಿ ಕೇಳಿ, ಸುತ್ತಲೂ ಅರ್ಧ ಅಡಿ ಹೆಚ್ಚಿಗೆ ತೋಡಿಸಿ. ಒಳಗೆ ತಗಡು ಹೊಡೆದಿದೆಯೇ ಎಂದೂ ಕೇಳಿ, ತಗಡು ಚಿತೆಯಲ್ಲಿ ಉರಿಯುವುದಿಲ್ಲ. "ಒಂದು ಸಲ ಮುಖ ತೋರಿಸಿ" ಎಂದು ಜನ ಒತ್ತಾಯ ಮಾಡುವುದು ಇಲ್ಲೇ. ಹಿರಿಯರೊಬ್ಬರು ಮನೆಯವರ ಪರವಾಗಿ ನಿಂತು ತಡೆಯಬೇಕು. ಕೊನೆಯ ನೆನಪಾಗಿ ಉಳಿಯಬೇಕಾದ ಮುಖ ಅದಲ್ಲ.

20 ಲೀಟರಿನ ಒಂದು ಕ್ಯಾನು ತಲಾ ಅರ್ಧ ಲೀಟರಿನಂತೆ 40 ಜನಕ್ಕೆ ಬರುತ್ತದೆ. ಸಾವಿರ ಜನ ಬರುವರೆಂದರೆ 25 ಕ್ಯಾನು, ಬಿಸಿಲುಗಾಲದಲ್ಲಿ ಅದರ ಎರಡರಷ್ಟು. ಸಾವಿನ ಮನೆಯ ಒಲೆ ಹಚ್ಚುವಂತಿಲ್ಲವಾದ್ದರಿಂದ ಹೊರಗಿನಿಂದ ಬಂದ ಸೈನಿಕರಿಗೆ ಊಟ ಎಲ್ಲಿ ಎಂದು ಮೊದಲೇ ಗೊತ್ತುಮಾಡಿ. ರಾತ್ರಿಯಿಡೀ ಪೆಟ್ಟಿಗೆಯ ಜತೆ ಪಯಣ ಮಾಡಿದವರು ಅವರು, ತಾವಾಗಿ ಕೇಳುವುದಿಲ್ಲ. ಶಾಲೆಯ ಕೊಠಡಿಯಲ್ಲಿ ಚಿತ್ರಾನ್ನ, ಮಜ್ಜಿಗೆ ಇಟ್ಟರೆ ಸಾಕು.

ರಸ್ತೆ

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರಿಗೆ ಪ್ರವೇಶವಿಲ್ಲ. ಬೈಕ್ ರ್‍ಯಾಲಿ ಮಾಡಲೇಬೇಕೆಂದರೆ ಸರ್ವಿಸ್ ರಸ್ತೆ ಹಿಡಿಯಿರಿ, ಇಲ್ಲವೇ ಎಕ್ಸ್‌ಪ್ರೆಸ್‌ವೇ ಬಿಟ್ಟು ಊರ ಕಡೆ ತಿರುಗುವ ಜಾಗದಿಂದ ಶುರುಮಾಡಿ. ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ರ್‍ಯಾಲಿಯೇ ಬೇಡ. ರಸ್ತೆಯ ಎರಡೂ ಬದಿ ಸುಮ್ಮನೆ ನಿಂತ ಜನರ ನಡುವೆ ಹೋಗುವ ವಾಹನಕ್ಕೆ ಇರುವ ಗಾಂಭೀರ್ಯ ಸೈಲೆನ್ಸರ್ ಕಿತ್ತ ನೂರು ಬೈಕುಗಳ ನಡುವೆ ಇರುವುದಿಲ್ಲ.

ಹೂವಿನ ಅಲಂಕಾರದ ವಾಹನದ ಮೇಲೆ ಉದ್ದ ಕೋಲಿಗೆ ಬಾವುಟ ಕಟ್ಟಿ ಹುಡುಗರು ನಿಲ್ಲುತ್ತಾರೆ. ಹಳ್ಳಿಯ ರಸ್ತೆಗೆ ಅಡ್ಡವಾಗಿ 11 ಕೆವಿ ಲೈನು ಜೋತುಬಿದ್ದಿರುತ್ತದೆ. ಕಬ್ಬಿಣದ ಪೈಪಾದರೆ ಮುಗಿಯಿತು. ಹಿಂದಿನ ದಿನವೇ ಸೆಸ್ಕ್ ಲೈನ್‌ಮ್ಯಾನ್ ಜತೆ ದಾರಿ ನೋಡಿ, ಮೆರವಣಿಗೆಯ ಹೊತ್ತಿಗೆ ಕರೆಂಟು ತೆಗೆಸಿ.

ಬಾವುಟ

ಪೆಟ್ಟಿಗೆಯ ಮೇಲೆ ರಾಷ್ಟ್ರಧ್ವಜ ಹೊದಿಸುವುದು ಸರ್ಕಾರಿ, ಸೇನಾ ಮತ್ತು ಅರೆಸೇನಾ ಗೌರವದ ಅಂತ್ಯಕ್ರಿಯೆಗಳಲ್ಲಿ ಮಾತ್ರ. ಕೇಸರಿ ತಲೆಯ ಕಡೆಗೆ ಇರಬೇಕು. ಗುಂಡಿಗೆ ಇಳಿಸುವ ಮುನ್ನ, ಬೆಂಕಿ ಕೊಡುವ ಮುನ್ನ ಧ್ವಜವನ್ನು ತೆಗೆಯಲೇಬೇಕು. ಅದನ್ನು ಹೂಳುವಂತಿಲ್ಲ, ಸುಡುವಂತಿಲ್ಲ. ಹೊದಿಸುವುದು, ಮಡಿಸುವುದು, ಮನೆಯವರ ಕೈಗೆ ಕೊಡುವುದು ಎಲ್ಲವೂ ಸೈನಿಕರ ಕೆಲಸ. ಊರಿನವರು ಅದರ ಮೇಲೆ ಹಾರ ಹೇರುವುದು, ಸಂಘದ ಶಾಲು ಹೊದಿಸುವುದು ಬೇಡ. ಹೂವಿನ ಹಾರಕ್ಕೆ ಪೆಟ್ಟಿಗೆಯ ಬುಡದಲ್ಲೊಂದು ಮೇಜು ಹಾಕಿ.

ಧ್ವಜವನ್ನು ಯಾರ ಕೈಗೆ ಕೊಡಬೇಕು ಎಂಬುದನ್ನು ತಾಯಿ ಮತ್ತು ಹೆಂಡತಿ ಒಟ್ಟಿಗೆ ಕುಳಿತು ಹಿಂದಿನ ರಾತ್ರಿಯೇ ತೀರ್ಮಾನಿಸಿ ಯೂನಿಟ್‌ನವರಿಗೆ ಹೇಳಲಿ. ಸಾವಿರಾರು ಜನರ ಎದುರು ಅದಕ್ಕಾಗಿ ಎಳೆದಾಟವಾದರೆ ಆ ಗಾಯ ಮಾಯುವುದಿಲ್ಲ.

ಜನ ಕೈಯಲ್ಲಿ ಹಿಡಿಯುವ ಬಾವುಟ ಕಾಗದದ್ದಾಗಲಿ, ಬಟ್ಟೆಯದಾಗಲಿ, ಪ್ಲಾಸ್ಟಿಕ್ ಬೇಡ. ಉದ್ದ ಅಗಲ 3:2. 2021ರ ಡಿಸೆಂಬರಿನ ತಿದ್ದುಪಡಿಯ ಮೇಲೆ ಯಂತ್ರದಲ್ಲಿ ನೇಯ್ದ ಪಾಲಿಯೆಸ್ಟರ್ ಬಾವುಟಕ್ಕೂ ಅನುಮತಿಯಿದೆ. ಕಾರಿನ ಬಾನೆಟ್ಟಿಗೆ ಬಾವುಟ ಕಟ್ಟುವ ಹಕ್ಕು ರಾಷ್ಟ್ರಪತಿ, ರಾಜ್ಯಪಾಲರು, ಮಂತ್ರಿಗಳಂಥ ಕೆಲವರಿಗಷ್ಟೇ ಇದೆ, ಊರಿನ ಮುಖಂಡರಿಗಿಲ್ಲ. ಅರ್ಧಕ್ಕೆ ಇಳಿಸುವುದೂ ಸರ್ಕಾರದ ಆದೇಶದಿಂದಲೇ ಆಗಬೇಕು. ಶಾಲೆಯವರು ತಾವಾಗಿ ಇಳಿಸಬಾರದು. ಎಲ್ಲ ಮುಗಿದ ಮೇಲೆ ನಾಲ್ಕು ಹುಡುಗರನ್ನು ಗೋಣಿಚೀಲದ ಜತೆ ಮೆರವಣಿಗೆಯ ದಾರಿಯಲ್ಲಿ ಕಳಿಸಿ. ಬಿದ್ದ ಬಾವುಟಗಳನ್ನೆಲ್ಲ ಆರಿಸಿ, ಮರೆಯಲ್ಲಿ ಗೌರವದಿಂದ ಸುಡಲಿ. ಬೆಳಿಗ್ಗೆ ಘೋಷಣೆ ಕೂಗಿದವರ ಚಪ್ಪಲಿಯಡಿ ಸಂಜೆ ಬಾವುಟ ಸಿಕ್ಕಿರುವುದನ್ನು ನೋಡಿದರೆ ಯಾವ ಸಿಪಾಯಿಗೂ ಮೈ ಉರಿಯುತ್ತದೆ.

ಕುಶಾಲತೋಪಿನ ಹೊತ್ತು

ಗಾರ್ಡ್ ಕಮಾಂಡರ್ ಕೂಗುವ ಆಜ್ಞೆ ರೈಫಲ್ ಹಿಡಿದವರ ಕಿವಿಗೆ ಬೀಳಬೇಕು. ಘೋಷಣೆ, ಮೈಕು, ತಮಟೆ ಅಷ್ಟು ಹೊತ್ತು ನಿಲ್ಲಲಿ. ಇದನ್ನು ಹಿರಿಯರೊಬ್ಬರು ಮೊದಲೇ ಮೈಕಿನಲ್ಲಿ ಹೇಳಲಿ. ಬ್ಯೂಗಲ್ ನುಡಿಯುವಾಗ ಟೋಪಿ, ತಲೆಗೆ ಸುತ್ತಿದ ಟವೆಲ್ಲು ತೆಗೆದು ನಿಲ್ಲುವುದು ಸಾಕು, ನಾಗರಿಕರು ಸೆಲ್ಯೂಟ್ ಹೊಡೆಯಬೇಕಿಲ್ಲ. ದನಕರು ಹತ್ತಿರ ಕಟ್ಟಿದ್ದರೆ ಸದ್ದಿಗೆ ಹಗ್ಗ ಕಿತ್ತು ಜನರ ಮೇಲೆ ನುಗ್ಗುತ್ತವೆ, ದೂರ ಕಟ್ಟಿಸಿ. ನೆಲಕ್ಕೆ ಬಿದ್ದ ಖಾಲಿ ತೋಟಾಗಳನ್ನು ಮಕ್ಕಳು ನೆನಪಿಗೆಂದು ಆರಿಸಿಕೊಂಡು ಓಡುತ್ತಾರೆ. ಗುಂಡು ಹಾರಿಸಿದ ಸಿಪಾಯಿಗಳು ಒಂದೊಂದಕ್ಕೂ ಲೆಕ್ಕ ಒಪ್ಪಿಸಬೇಕು. ಒಂದು ಕಮ್ಮಿಯಾದರೂ ಅವರು ಕತ್ತಲಲ್ಲಿ ಟಾರ್ಚ್ ಹಿಡಿದು ಹುಡುಕಬೇಕಾಗುತ್ತದೆ.

ಹಣ

ಊರು ಕೆಡುವುದು, ಮನೆ ಒಡೆಯುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ಯಾರದೋ ಫೋನಿನ ಕ್ಯೂಆರ್ ಕೋಡಿಗೆ ಹಣ ಹಾಕಿಸಬೇಡಿ; ಆ ವ್ಯಕ್ತಿ ಎಷ್ಟೇ ಒಳ್ಳೆಯವನಾದರೂ ಆರು ತಿಂಗಳಿಗೆ ಊರು ಅವನ ಮೇಲೆ ಅನುಮಾನ ಪಡುತ್ತದೆ. ಸಿಆರ್‌ಪಿಎಫ್, ಬಿಎಸ್‌ಎಫ್‌ನಂಥ ಕೇಂದ್ರ ಪಡೆಯವರಾದರೆ ಗೃಹ ಸಚಿವಾಲಯದ 'ಭಾರತ್ ಕೆ ವೀರ್' ಇದೆ. 2017ರ ಏಪ್ರಿಲ್‌ನಲ್ಲಿ ಶುರುವಾದಾಗ ಅದರಲ್ಲಿ ಒಂದು ಕುಟುಂಬಕ್ಕೆ 15 ಲಕ್ಷ ರೂಪಾಯಿಯ ಮಿತಿ ಇಟ್ಟರು. ಭೂಸೇನೆ, ನೌಕಾಪಡೆ, ವಾಯುಪಡೆಯವರಾದರೆ ಸಶಸ್ತ್ರ ಪಡೆಗಳ ಧ್ವಜ ದಿನ ನಿಧಿ ಇದೆ. ನೇರವಾಗಿ ಕೊಡಬೇಕೆನ್ನುವವರು ಮನೆಯವರ ಸ್ವಂತ ಖಾತೆಗೇ ಕೊಡಲಿ. ಖಾತೆ ಹೆಂಡತಿ ಮತ್ತು ತಾಯಿಯ ಜಂಟಿ ಹೆಸರಿನಲ್ಲಿ, ಇಬ್ಬರ ಸಹಿಯಿಂದ ಮಾತ್ರ ತೆಗೆಯುವಂತೆ ಇದ್ದರೆ ಮುಂದಿನ ಅರ್ಧ ಜಗಳ ಹುಟ್ಟುವುದೇ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ ಪ್ರಕಾರ ಹೆಂಡತಿ, ಮಕ್ಕಳು, ತಾಯಿ ಮೊದಲ ವರ್ಗದ ವಾರಸುದಾರರು. ತಂದೆ ಎರಡನೇ ವರ್ಗ. ನಾಮಿನಿ ಎಂದರೆ ಹಣ ಕೈಗೆತ್ತಿಕೊಳ್ಳುವವರು, ಒಡೆಯರೇ ಎಂದು ಅರ್ಥವಲ್ಲ. ಎರಡು ಕಡೆಯ ಬಂಧುಗಳಿಗೂ ಇದನ್ನು ಹಾಲುತುಪ್ಪ ಕಳೆದ ಮೇಲೆ ಒಬ್ಬ ವಕೀಲರಿಂದ ಹೇಳಿಸಿ. ಊರ ಹಿರಿಯರ ಪಂಚಾಯ್ತಿಯಲ್ಲಿ ಇದು ಇತ್ಯರ್ಥವಾಗುವುದಿಲ್ಲ, ಸೊಸೆಯನ್ನು ತವರಿಗೆ ಅಟ್ಟುವ ಮಾತು ಅಲ್ಲೇ ಏಳುವುದು.

ನಗದು ಬಂದರೆ ಎರಡು ಪ್ರತಿಯ ರಸೀತಿ ಪುಸ್ತಕ, ದಿನದ ಕೊನೆಗೆ ಇಬ್ಬರ ಸಹಿ, ಮರುದಿನ ಬ್ಯಾಂಕು. ಮಂತ್ರಿ, ಮಠ, ಸಂಘದವರು ಕೊಟ್ಟ ಚೆಕ್ಕುಗಳು ದೇವರಮನೆಯ ಪೆಟ್ಟಿಗೆಯಲ್ಲಿ ಉಳಿದುಬಿಡುತ್ತವೆ. ಚೆಕ್ಕಿನ ಆಯಸ್ಸು ಅದರ ಮೇಲಿನ ತಾರೀಖಿನಿಂದ ಮೂರೇ ತಿಂಗಳು. ಹನ್ನೊಂದನೆಯ ದಿನ ಕಳೆದ ಕೂಡಲೇ ಎಲ್ಲವನ್ನೂ ತೆಗೆದು ಪಟ್ಟಿ ಮಾಡಿ, ಹೆಸರು ತಪ್ಪಿದ್ದರೆ ಹಿಂದಿರುಗಿಸಿ ಬರೆಸಿಕೊಳ್ಳಿ.

ದೊಡ್ಡ ಮೊತ್ತವನ್ನು ಒಂದೇ ಕಡೆ ಇಡಬೇಡಿ. ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಮಾತ್ರ ವಿಮೆ. ಹೆಚ್ಚು ಬಡ್ಡಿ ಕೊಡುತ್ತೇವೆನ್ನುವ ಪತ್ತಿನ ಸೊಸೈಟಿಗೆ ಆ ವಿಮೆಯೂ ಇಲ್ಲ. ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ರೂಪಾಯಿ ಮೀರಿ ಬಂದ ಹಣ ಸಾಮಾನ್ಯವಾಗಿ ತೆರಿಗೆಯ ಲೆಕ್ಕಕ್ಕೆ ಬರುತ್ತದೆ, ಅದಕ್ಕೆ ಆಡಿಟರನ್ನು ಕೇಳಿ. ಸಾಲ ಕೇಳಲು ಬರುವ ನೆಂಟರಿಗೂ, ಸೈಟು ತೋರಿಸುವ ಬ್ರೋಕರಿಗೂ ಮೊದಲ ಒಂದು ವರ್ಷ ಒಂದೇ ಉತ್ತರ: "ಎಫ್‌ಡಿಯಲ್ಲಿದೆ."

ಕಾಗದ

ಮರಣ ಪತ್ರಕ್ಕೆ ಊರಿನ ಪಂಚಾಯ್ತಿಗೆ ಅಲೆಯುವುದು ವ್ಯರ್ಥ. ಜನನ ಮರಣ ನೋಂದಣಿ ಸಾವು ಆದ ಜಾಗದಲ್ಲಿ ಆಗುತ್ತದೆ. ಕಾಶ್ಮೀರದಲ್ಲಿ ಆದ ಸಾವಿನ ಪತ್ರ ಅಲ್ಲಿಂದಲೇ ಯೂನಿಟ್ ಮೂಲಕ ಬರಬೇಕು. ಕನಿಷ್ಠ ಹತ್ತು ದೃಢೀಕೃತ ಪ್ರತಿ ಕೇಳಿ. ವಂಶವೃಕ್ಷ ನಾಡಕಚೇರಿಯಲ್ಲಿ ಸಿಗುತ್ತದೆ, ಅದರಲ್ಲಿ ತಾಯಿಯ ಹೆಸರು ಬಿಟ್ಟುಹೋಗದಂತೆ ನೋಡಿ.

ಅರ್ಜಿ ನಿಲ್ಲುವುದು ಬಹುಪಾಲು ಹೆಸರಿನಲ್ಲಿ. ಸೇವಾ ದಾಖಲೆಯಲ್ಲಿ 'ಲಕ್ಷ್ಮಿ', ಆಧಾರಿನಲ್ಲಿ 'ಲಕ್ಷ್ಮಮ್ಮ', ಬ್ಯಾಂಕಿನಲ್ಲಿ ಗಂಡನ ಇನಿಷಿಯಲ್ ಸೇರಿ ಇನ್ನೊಂದು. ಮೂರನ್ನೂ ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಬರೆದು, ಸೇವಾ ದಾಖಲೆಗೆ ಹೊಂದುವಂತೆ ಉಳಿದವನ್ನು ತಿದ್ದಿಸುವುದು ಸುಲಭದ ದಾರಿ. ಸೇವಾ ದಾಖಲೆಯೇ ತಪ್ಪಿದ್ದರೆ ಅಫಿಡವಿಟ್ ಬೇಕು. ಮದುವೆಯನ್ನೇ ದಾಖಲೆಗೆ ಸೇರಿಸದೆ ಬಿಟ್ಟ ಹುಡುಗರೂ ಇದ್ದಾರೆ. ರಜೆಯಲ್ಲಿ ಊರಿಗೆ ಬಂದ ಜೀವಂತ ಯೋಧನಿಗೆ ಹಾರ ಹಾಕುವ ಬದಲು "ಪಾರ್ಟ್ ಟೂ ಆರ್ಡರ್ ಆಗಿದೆಯೇನಪ್ಪ?" ಎಂದು, ಅಂದರೆ ಮದುವೆ, ಮಕ್ಕಳ ವಿವರ ಸೇವಾ ದಾಖಲೆಗೆ ಸೇರಿದೆಯೇ ಎಂದು ಕೇಳಿದರೆ ಅವನಿಗೆ ಹೆಚ್ಚು ಉಪಕಾರ.

ಯಾವ ಬಾಗಿಲು ತಟ್ಟಬೇಕು ಎಂಬುದು ಪಡೆಯ ಮೇಲೆ ಹೋಗುತ್ತದೆ. ಭೂಸೇನೆಯವರಿಗೆ ಅವರ ರೆಜಿಮೆಂಟಿನ ರೆಕಾರ್ಡ್ ಆಫೀಸು, ಜತೆಗೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ. ಮಂಡ್ಯ ಕಡೆಯವರಿಗೆ ಇದರ ಕಚೇರಿ ಮೈಸೂರಿನಲ್ಲಿದೆ. ಸಿಆರ್‌ಪಿಎಫ್ ಗೃಹ ಸಚಿವಾಲಯಕ್ಕೆ ಸೇರಿದ್ದು, ಅವರ ಕಾಗದಗಳು ಅವರದೇ ಗ್ರೂಪ್ ಸೆಂಟರಿನ ಮೂಲಕ ನಡೆಯುತ್ತವೆ, ಬೆಂಗಳೂರಿನವರದು ಯಲಹಂಕದಲ್ಲಿದೆ. ಟಿವಿಯಲ್ಲಿ ಎರಡೂ ಒಂದೇ 'ಯೋಧ' ಎನಿಸಿದರೂ ಸೌಲಭ್ಯ ಬೇರೆ, ಅರ್ಜಿ ಬೇರೆ. ತಪ್ಪು ಕಚೇರಿಯಲ್ಲಿ ಎರಡು ತಿಂಗಳು ಕಳೆದ ಮೇಲೆ ಇದು ತಿಳಿಯುವುದು ಸಾಮಾನ್ಯ.

ಇನ್ನೊಂದು ಕಹಿ ಮಾತು. 'ಹುತಾತ್ಮ' ಎಂಬುದು ನಮ್ಮ ಗೌರವದ ಪದ, ಸರ್ಕಾರಿ ಕಾಗದದ ಪದವಲ್ಲ. ಸೇನೆಯ ಕಾಗದದಲ್ಲಿ ಸಾವು 'ಬ್ಯಾಟಲ್ ಕ್ಯಾಶುವಾಲ್ಟಿ' (ಕಾರ್ಯಾಚರಣೆಯಲ್ಲಿ ಆದದ್ದು) ಎಂದು ದಾಖಲಾಗಿದೆಯೇ ಎಂಬುದರ ಮೇಲೆ ಹಣ ನಿಂತಿದೆ. ಕಾರ್ಯಾಚರಣೆಯಲ್ಲಿ ಮಡಿದವರ ಕುಟುಂಬಕ್ಕೆ ಉದಾರ ಕುಟುಂಬ ಪಿಂಚಣಿ, ಅಂದರೆ ಕೊನೆಯ ಸಂಬಳದಷ್ಟು. ಸೇವೆಯ ಕಾರಣಕ್ಕೇ ಆದ ಬೇರೆ ಸಾವಿಗೆ ವಿಶೇಷ ಕುಟುಂಬ ಪಿಂಚಣಿ, ಶೇ. 60, ಉಳಿದದ್ದಕ್ಕೆ ಸಾಮಾನ್ಯ ಪಿಂಚಣಿ, ಶೇ. 30. ಮೊದಲು ಬಂದ ಪತ್ರದಲ್ಲಿ ಯಾವ ವರ್ಗ ಬರೆದಿದೆ ಎಂದು ಅಂದೇ ಓದಿಸಿ. ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ದಾರಿಯಿದೆ. ಸೇನೆಯ ಪಿಂಚಣಿ ಈಗ 'ಸ್ಪರ್ಶ್' ವ್ಯವಸ್ಥೆಯಲ್ಲಿ ಬರುತ್ತದೆ, ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಕೊಡದಿದ್ದರೆ ನಿಲ್ಲುತ್ತದೆ.

ವೇದಿಕೆಯ ಭರವಸೆ

ಸೈಟು, ಜಮೀನು, ತಮ್ಮನಿಗೆ ಕೆಲಸ, ಶಾಲೆಗೆ ಹೆಸರು ಎಂದು ಚಿತೆಯ ಮುಂದೆ ಮಾತು ಕೊಡುತ್ತಾರೆ. ಯಾರು, ಎಂದು, ಏನು ಹೇಳಿದರು ಎಂಬುದನ್ನು ವಿಡಿಯೊ ಸಹಿತ ಬರೆದಿಡಿ. ಹದಿನೈದು ದಿನದೊಳಗೆ ಗ್ರಾಮಸಭೆಯ ನಿರ್ಣಯ ಮಾಡಿಸಿ, ಅದನ್ನು ಲಗತ್ತಿಸಿ ಜಿಲ್ಲಾಧಿಕಾರಿಗೆ ಹೆಂಡತಿಯ ಹೆಸರಿನಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಒಂದು ಭರವಸೆಗೆ ಒಂದು ಅರ್ಜಿ; ಐದನ್ನೂ ಒಂದೇ ಹಾಳೆಯಲ್ಲಿ ಬರೆದರೆ ಆ ಕಡತ ಯಾವ ಇಲಾಖೆಯ ಮೇಜಿನ ಮೇಲೂ ನಿಲ್ಲುವುದಿಲ್ಲ. ಜಮೀನು ಮಂಜೂರಾದರೆ ಆದೇಶದ ಪ್ರತಿ ಹಿಡಿದು ಕುಣಿಯುವ ಮುನ್ನ ಸರ್ವೆ ಮಾಡಿಸಿ, ಪೋಡಿಯಾಗಿ ಪಹಣಿಯಲ್ಲಿ ಹೆಸರು ಬರುವವರೆಗೆ ಬೆನ್ನು ಹತ್ತಿ. ಆ ನೆಲ ಇನ್ನೊಬ್ಬರ ಉಳುಮೆಯಲ್ಲಿರುವುದು ಅಪರೂಪವೇನಲ್ಲ.

ಕಲ್ಲು

ವೃತ್ತದಲ್ಲಿ ಪ್ರತಿಮೆ ನಿಲ್ಲಿಸಲು ಹೊರಡುವವರಿಗೆ: ಸಾರ್ವಜನಿಕ ರಸ್ತೆ, ಪಾದಚಾರಿ ದಾರಿಗಳಲ್ಲಿ ಪ್ರತಿಮೆ ಸ್ಥಾಪನೆಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ರಾಜ್ಯಗಳಿಗೆ ಹೇಳಿದೆ. ಶಾಲೆಯ ಅಂಗಳವೋ ಪಂಚಾಯ್ತಿ ಜಾಗವೋ ಆಗಲಿ. ಕಂಚಿನ ಬಣ್ಣ ಬಳಿದ ಸಿಮೆಂಟ್ ಬೊಂಬೆ ಎರಡು ಮಳೆಗೆ ಸಿಪ್ಪೆ ಏಳುತ್ತದೆ, ಮೂಗು ಹೋದ ಮೇಲೆ ತಾಯಿ ಆ ದಾರಿಯಲ್ಲಿ ನಡೆಯುವುದನ್ನೇ ಬಿಡುತ್ತಾಳೆ. ಸಾದಾ ಗ್ರಾನೈಟ್ ಕಲ್ಲು ಸಾಕು: ಸೇವಾ ದಾಖಲೆಯಲ್ಲಿರುವಂತೆ ಹುದ್ದೆ, ಹೆಸರು, ಪಡೆ, ಹುಟ್ಟಿದ ದಿನ, ಮಡಿದ ದಿನ ಮತ್ತು ಜಾಗ. ಅಕ್ಷರ ಕೊರೆಯುವ ಮುನ್ನ ಕಾಗದದ ಮೇಲೆ ಬರೆದು ಮನೆಯವರ ಸಹಿ ಹಾಕಿಸಿ. ಉದ್ಘಾಟಿಸಿದವರ ಹೆಸರು ಬೇಕೇಬೇಕೆಂದರೆ ಕಲ್ಲಿನ ಹಿಂಬದಿಯಲ್ಲಿರಲಿ. ಸಂತಾಪದ ಫ್ಲೆಕ್ಸಿಗೆ 2016ರಿಂದ ರಾಜ್ಯದಲ್ಲಿ ನಿಷೇಧವಿದೆ. ಇಲ್ಲದಿದ್ದರೂ, ಯೋಧನ ಮುಖ ಮೂಲೆಯಲ್ಲಿ ಅಂಚೆಚೀಟಿಯಷ್ಟು, ಹಾಕಿಸಿದವರ ಮುಖಗಳು ಸಾಲಾಗಿ ತಟ್ಟೆಯಷ್ಟು, ಇದಕ್ಕೆ ಯಾರ ಶ್ರದ್ಧಾಂಜಲಿ ಅನ್ನುವುದು?

ಕಲ್ಲು ನಿಲ್ಲಿಸುವುದನ್ನು ನಮ್ಮ ಸೀಮೆಗೆ ಹೊರಗಿನವರು ಕಲಿಸಬೇಕಿಲ್ಲ. ಮದ್ದೂರು ತಾಲ್ಲೂಕಿನದೇ ಆತಕೂರಿನಲ್ಲಿ ಸಿಕ್ಕ ಕ್ರಿ.ಶ. 950ರ ಆಸುಪಾಸಿನ ಶಾಸನ, ಹಂದಿಯ ಜತೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೆ ನಿಲ್ಲಿಸಿದ್ದು. ಅದರಲ್ಲಿ ಹೊಗಳಿಕೆಯ ಜತೆಗೆ, ಆ ಕಲ್ಲಿನ ಪೂಜೆಗೆಂದು ಕೆರೆಯ ಕೆಳಗೆ ಬಿಟ್ಟ ಎರಡು ಖಂಡುಗ ಭೂಮಿಯ ವಿವರವಿದೆ. ಪೂಜೆ ಮಾಡದೆ ಅದರ ಫಲ ಉಣ್ಣುವ ಗೊರವನಿಗೆ ಪಾಪದ ಎಚ್ಚರಿಕೆಯೂ ಇದೆ. ಕಾದಾಟದಲ್ಲಿ ಸತ್ತವನ ಮನೆಗೆ ಕೊಡುತ್ತಿದ್ದ ಭೂಮಿಗೆ ನೆತ್ತರುಗೊಡಗೆ ಎಂಬ ಹೆಸರೇ ಇತ್ತು. ಹಾಗಾಗಿ ಕಲ್ಲಿಗೆ ಖರ್ಚು ಮಾಡುವ ಹಣದಲ್ಲಿ ಒಂದು ಪಾಲನ್ನು ಪಂಚಾಯ್ತಿಯ ಹೆಸರಿನಲ್ಲಿ ಠೇವಣಿ ಇಟ್ಟು, ಅದರ ಬಡ್ಡಿಯಲ್ಲಿ ವರ್ಷಕ್ಕೆರಡು ಬಾರಿ ಕಳೆ ತೆಗೆಸಿ ಅಕ್ಷರಕ್ಕೆ ಬಣ್ಣ ತುಂಬಿಸುವ ಹೊಣೆ ಯಾರದೆಂದು ನಿರ್ಣಯದಲ್ಲೇ ಬರೆಸಿ.

ವರ್ಷದ ಲೆಕ್ಕ

ಜುಲೈ 26 ಕಾರ್ಗಿಲ್ ವಿಜಯ ದಿವಸ, ಅಕ್ಟೋಬರ್ 21 ಪೊಲೀಸ್ ಹುತಾತ್ಮರ ದಿನ, ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. ಇವಕ್ಕೆಲ್ಲ ಆ ಹೆಂಡತಿಯನ್ನು ಕರೆದು ವೇದಿಕೆ ಹತ್ತಿಸುತ್ತಾರೆ. ಕರೆಯುವ ಮುನ್ನ ಕೇಳಿ, ಬೇಡವೆಂದರೆ ಬಿಡಿ. ಬಂದರೆ ಮಾತಾಡಿ ಎಂದು ಮೈಕ್ ಹಿಡಿಸಬೇಡಿ, ಓಡಾಟಕ್ಕೆ ವಾಹನ ಕಳಿಸಿ, ಐದು ಜನರ ಭಾಷಣ ಮುಗಿಯುವವರೆಗೆ ಕೂರಿಸದೆ ಮೊದಲೇ ಗೌರವಿಸಿ ಕಳಿಸಿ. ಅವಳು ಬೇರೆ ಮದುವೆಯಾದರೆ ಊರು ಮಾತಾಡುವ ವಿಷಯ ಅದಲ್ಲ. ಪಿಂಚಣಿಗೆ ಏನಾಗುತ್ತದೆಂದು ರೆಕಾರ್ಡ್ ಆಫೀಸು ಹೇಳುತ್ತದೆ.

ಏಪ್ರಿಲ್–ಮೇನಲ್ಲಿ ಮಕ್ಕಳ ಶಾಲೆ ಸೇರಿಕೆ, ವಿದ್ಯಾರ್ಥಿವೇತನದ ಅರ್ಜಿ. ಮುಂಗಾರಿಗೆ ಮುಂಚೆ ಮನೆಯ ಹೆಂಚು. ಜೀವಿತ ಪ್ರಮಾಣಪತ್ರದ ತಿಂಗಳು. ವರ್ಷದ ತಿಥಿಗೆ ಹದಿನೈದು ದಿನ ಮೊದಲು ಕಲ್ಲಿನ ಸುತ್ತ ಕಳೆ. ಇವಿಷ್ಟನ್ನೂ ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಎದುರು ಒಬ್ಬರ ಹೆಸರು ಹಾಕಿ, ಪಂಚಾಯ್ತಿ ಕಚೇರಿಯ ಗೋಡೆಗೆ ಅಂಟಿಸಿ. ಪಿಡಿಒ ಬದಲಾದಾಗ ಹೊಸಬರಿಗೆ ಮೊದಲು ತೋರಿಸಬೇಕಾದ ಹಾಳೆ ಅದು.